ಕೃತಕ ಕೈ ಯಾವಾಗ ನನ್ನದೇ ಕೈ ಅನ್ನಿಸುತ್ತದೆ?

ಪ್ರಶ್ನೆ: ಅಪಘಾತದಲ್ಲಿ ನನ್ನ ಬಲಗೈ ಮೊಣಕೈ ಕೆಳಗೆ ಹೋಯಿತು. ಕೃತಕ ಕೈ ಬಂದು ಎರಡು ತಿಂಗಳಾಗಿದೆ. ಹಾಕಿಕೊಂಡರೆ ಭಾರ, ಬೆವರು, ತುರಿಕೆ. ಎಡಗೈ ಒಂದರಲ್ಲೇ ಕೆಲಸ ಬೇಗ ಮುಗಿಯುತ್ತದೆ. ಹಾಗಾಗಿ ಅದು ಕಪಾಟಿನಲ್ಲೇ ಇರುವುದು ಜಾಸ್ತಿ. ಅಭ್ಯಾಸ ಆಗುವುದು ಯಾವಾಗ?

ಉತ್ತರ: ನನಗೂ ಹೋಗಿದ್ದು ಬಲಗೈಯೇ. ನನ್ನ ಕೃತಕ ಕೈ ಮೊದಲ ಮೂರು ತಿಂಗಳು ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಹಾಗಾಗಿ ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ.

ಮೊದಲು ಭಾರದ ವಿಷಯ. ತಕ್ಕಡಿಗೆ ಹಾಕಿದರೆ ಕೃತಕ ಕೈ ಸಾಮಾನ್ಯವಾಗಿ ಹೋದ ಕೈಗಿಂತ ಭಾರ ಇರುವುದಿಲ್ಲ. ಆದರೆ ಹುಟ್ಟಿದ ಕೈ ಮೂಳೆಗೆ, ಸ್ನಾಯುವಿಗೆ ಸೇರಿಕೊಂಡಿತ್ತು. ಇದು ಚರ್ಮದ ಮೇಲಿಂದ ನೇತಾಡುತ್ತದೆ. ಸಾಕೆಟ್, ಅಂದರೆ ಉಳಿದ ಕೈ ಕೂರುವ ಗೂಡು, ಸಡಿಲ ಇದ್ದರಂತೂ ಕಲ್ಲು ಕಟ್ಟಿಕೊಂಡ ಹಾಗೆ. ಶುರುವಿನ ತಿಂಗಳುಗಳಲ್ಲಿ ಅದು ಸಡಿಲ ಆಗಿಯೇ ಆಗುತ್ತದೆ. ಆಪರೇಷನ್ ಆದ ಜಾಗದ ಬಾವು ಇಳಿಯುತ್ತಿರುತ್ತದೆ, ಕೆಲಸವಿಲ್ಲದ ಸ್ನಾಯು ಸೊರಗುತ್ತದೆ. ಹೀಗಾಗುತ್ತದೆ ಅಂತ ಗೊತ್ತಿದ್ದೇ ಎಷ್ಟೋ ಕಡೆ ಮೊದಲ ಸಾಕೆಟ್ಟನ್ನು ತಾತ್ಕಾಲಿಕವಾಗಿ ಮಾಡಿಕೊಡುತ್ತಾರೆ. ನಾನು ಇದು ತಿಳಿಯದೆ ಒಳಗೆ ಬಟ್ಟೆ ತುರುಕಿಕೊಂಡು ಓಡಾಡಿ, ಚರ್ಮ ಕಿತ್ತುಕೊಂಡೆ. ನೀವು ಹಾಗೆ ಮಾಡಬೇಡಿ. ಸೀದಾ ಕೃತಕ ಅಂಗ ಮಾಡಿ ಕೂರಿಸುವ ಪ್ರಾಸ್ಥೆಟಿಸ್ಟ್ ಹತ್ತಿರ ಹೋಗಿ ಸರಿ ಮಾಡಿಸಿಕೊಳ್ಳಿ. ಅದು ಅವರ ಕೆಲಸವೇ, ಸಂಕೋಚ ಯಾಕೆ?

ಇಡೀ ದಿನ ಹಾಕಿಕೊಳ್ಳುವ ಹಟವೂ ಬೇಡ. ಶುರುವಿಗೆ 15ರಿಂದ 30 ನಿಮಿಷ ಸಾಕು. ತೆಗೆದು ಚರ್ಮ ನೋಡಿ. ಕೆಂಪಗಿದ್ದರೆ ಸುಮಾರು 20 ನಿಮಿಷದಲ್ಲಿ ಮಾಸಬೇಕು. ಮಾಸದಿದ್ದರೆ ಅಲ್ಲಿ ಒತ್ತುತ್ತಿದೆ ಅಂತ ಅರ್ಥ. ಬಲಗೈಯ ಉಳಿದ ಭಾಗವನ್ನೂ ಸಾಕೆಟ್ಟನ್ನೂ ರಾತ್ರಿಯೇ ತೊಳೆಯಿರಿ. ಬೆಳಿಗ್ಗೆ ತೊಳೆದು ಒದ್ದೆ ಚರ್ಮದ ಮೇಲೆ ಹಾಕಿಕೊಂಡರೆ ತುರಿಕೆ ಗ್ಯಾರಂಟಿ.

ಈಗ ಎಡಗೈಯೇ ಬೇಗ ಅನ್ನುವ ಮಾತು. ಅದು ನಿಜ, ಮುಂದೆಯೂ ನಿಜವೇ. ನಾವು ತಪ್ಪುವುದು ಇಲ್ಲೇ. ಹೋದ ಬಲಗೈಯ ಕೆಲಸವನ್ನೆಲ್ಲ ಈ ಕೃತಕ ಕೈಗೆ ಹೊರಿಸಲು ಹೋಗುತ್ತೇವೆ. ಬರೆಯುವುದು, ಗುಂಡಿ ಹಾಕುವುದು, ಬೀಗ ತಿರುಗಿಸುವುದು ಇನ್ನು ಎಡಗೈಗೆ. ಇದರ ಕೆಲಸ ಹಿಡಿದುಕೊಳ್ಳುವುದು. ಬಾಟಲಿಯನ್ನು ಇದು ಹಿಡಿಯಲಿ, ಮುಚ್ಚಳವನ್ನು ಎಡಗೈ ತಿರುಗಿಸಲಿ. ಜಾಕೆಟ್ಟಿನ ಜಿಪ್ಪಿನ ಬುಡ ಇದು ಹಿಡಿಯಲಿ, ಎಳೆಯುವುದು ಎಡಗೈ. ನನಗೆ ಇದು ಹೊಳೆದಿದ್ದು ಒಂದು ದಿನ ಕಾಗದ ಕತ್ತರಿಸುವಾಗ. ಅದುವರೆಗೆ ಕಾಗದವನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದೆ! ದಿನಕ್ಕೊಂದು ಇಂಥ ಎರಡು ಕೈ ಕೆಲಸ ಆರಿಸಿಕೊಂಡು, ಅದಕ್ಕೆ ಮಾತ್ರ ಹಾಕಿಕೊಳ್ಳಿ.

ಇದಕ್ಕೆ ಸ್ಪರ್ಶ ಗೊತ್ತಾಗುವುದಿಲ್ಲ, ನೋಡಿಕೊಂಡೇ ಹಿಡಿಯಬೇಕು. ನಾನು ಹಿಂಡಿ ಹಾಕಿದ ಕಾಗದದ ಲೋಟಗಳಿಗೆ ಲೆಕ್ಕವಿಲ್ಲ. ಭುಜದ ಪಟ್ಟಿ, ಕೇಬಲ್ ಇರುವ ಕೈಯಾದರೆ ಕೇಬಲ್ಲಿನ ಬಿಗಿಯಿಂದ ಸ್ವಲ್ಪ ಅಂದಾಜು ಸಿಗುತ್ತದೆ. ಬ್ಯಾಟರಿ ಕೈ ನಿಮ್ಮ ಮುಂಗೈ ಸ್ನಾಯು ಬಿಗಿಯಾದಾಗ ಹುಟ್ಟುವ ಸಣ್ಣ ವಿದ್ಯುತ್ ಸಂಕೇತವನ್ನು ಓದಿಕೊಂಡು ತೆರೆಯುತ್ತದೆ, ಮುಚ್ಚುತ್ತದೆ. ಬೆವರಿದರೆ, ಸುಸ್ತಾದರೆ ಅದು ಎಡವಟ್ಟು ಮಾಡುವುದುಂಟು. ನನ್ನ ಓಟು ಎರಡಾಗಿ ತೆರೆಯುವ ಕೊಕ್ಕೆಗೆ. ಅಮೆರಿಕದಲ್ಲಿ 1912ರಲ್ಲಿ ಪೇಟೆಂಟ್ ಆದ ಹಳೇ ಮಾದರಿ. ನೋಡಲು ಚೆಂದವಿಲ್ಲ, ಆದರೆ ಏನು ಹಿಡಿದಿದ್ದೀನಿ ಅಂತ ಕಾಣುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಲ್ಲದ ಬೆರಳು ಉರಿಯುವುದು, ಇಲ್ಲದ ಮುಷ್ಟಿ ಬಿಗಿಯುವುದು ಹುಚ್ಚಲ್ಲ. ಅಮೆರಿಕದ ವೈದ್ಯ ಸೈಲಾಸ್ ವೇರ್ ಮಿಚೆಲ್ 1871ರಲ್ಲೇ ಇದಕ್ಕೆ ‘ಫ್ಯಾಂಟಮ್ ಲಿಂಬ್’ (ಇಲ್ಲದ ಅಂಗ ಇದ್ದಂತೆ ಅನ್ನಿಸುವುದು) ಅಂತ ಹೆಸರಿಟ್ಟಿದ್ದರು. 1990ರ ದಶಕದಲ್ಲಿ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಕನ್ನಡಿ ಉಪಾಯ ತಂದರು. ಇರುವ ಕೈಯ ಪ್ರತಿಬಿಂಬವನ್ನು ಹೋದ ಕೈಯ ಜಾಗದಲ್ಲಿ ನೋಡುತ್ತಾ ಮುಷ್ಟಿ ಬಿಚ್ಚುವುದು. ಎಲ್ಲರಿಗೂ ಕೆಲಸ ಮಾಡುವುದಿಲ್ಲ, ಕೆಲವರಿಗೆ ಮಾಡುತ್ತದೆ. ಒಂದೇ ಜಾಗ ಮುಟ್ಟಿದರೆ ಶಾಕ್ ಹೊಡೆದ ಹಾಗಾದರೆ ಅದು ನರದ ಗಂಟು ಇರಬಹುದು, ಡಾಕ್ಟರಿಗೆ ತೋರಿಸಿ. ಎಲ್ಲವನ್ನೂ ಒಬ್ಬನೇ ಮಾಡುವ ಎಡಗೈಯ ಭುಜ, ಮಣಿಕಟ್ಟು ನೋಯುತ್ತಿದ್ದರೂ ಹೇಳಿ. ಸುಮ್ನೆ ಸಹಿಸಿಕೊಳ್ಳಬೇಡಿ.

ಇನ್ನು ನಿಮ್ಮ ‘ಯಾವಾಗ’. ನನಗೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು, ಅದೂ ಎರಡನೇ ಸಾಕೆಟ್ ಬಂದ ಮೇಲೆ. ‘ನನ್ನದೇ ಕೈ’ ಅಂತ ಇವತ್ತಿಗೂ ಅನ್ನಿಸಿಲ್ಲ, ಕನ್ನಡಕದ ಹಾಗೆ ಅನ್ನಿಸುತ್ತದೆ. ಮನೆಗೆ ಬಂದ ಕೂಡಲೇ ಬಿಚ್ಚಿಡುತ್ತೇನೆ. ಬೆಳಿಗ್ಗೆ ಶೂ ಲೇಸ್ ಕಟ್ಟುವ ಹೊತ್ತಿಗೆ ಮತ್ತೆ ಹುಡುಕುತ್ತೇನೆ.