ರೋಲ್ ಕೇಜ್: ಮೊದಲು ಪಾದ ನೋಡಿ

ಎರಡು ಮಳೆಗಾಲದ ಹಿಂದೆ ಸಕಲೇಶಪುರದ ಕಡೆಯ ತೋಟವೊಂದರ ಇಳಿಜಾರಿನಲ್ಲಿ ಮಗುಚಿದ ಜಿಪ್ಸಿಯೊಂದನ್ನು ನನ್ನ ವರ್ಕ್‌ಶಾಪಿಗೆ ಎಳೆದು ತಂದರು. ಒಳಗೆ ರೋಲ್ ಕೇಜ್, ಅಂದರೆ ಗಾಡಿ ಮಗುಚಿದಾಗ ಕುಳಿತವರನ್ನು ಕಾಯುವ ಉಕ್ಕಿನ ಪೈಪುಗಳ ಚೌಕಟ್ಟು, ಇತ್ತು. ಪೈಪ್ ದಪ್ಪವಾಗಿತ್ತು, ಎಲ್ಲಿಯೂ ಬಾಗಿರಲಿಲ್ಲ. ಆದರೆ ಚಾಲಕನ ಹಿಂದಿನ ಕಂಬ ನೆಲದ ತಗಡನ್ನು ಹರಿದುಕೊಂಡು ಗೇಣುದ್ದ ಕೆಳಗಿಳಿದಿತ್ತು. ತಲೆಯ ಮೇಲಿನ ಪೈಪೂ ಅಷ್ಟೇ ತಗ್ಗಿತ್ತು. ಓಡಿಸುತ್ತಿದ್ದ ಹುಡುಗ ಹೆಲ್ಮೆಟ್ ಹಾಕಿದ್ದರಿಂದ ಉಳಿದುಕೊಂಡ. ಆ ಕಂಬದ ಅಡಿಗೆ ಹಾಕಿದ್ದ ಪ್ಲೇಟು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪವೇ ದೊಡ್ಡದಿತ್ತು.

ಕೇಜ್ ಮಾಡಿಸಲು ಬರುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಪೈಪ್ ಎಷ್ಟು ದಪ್ಪ? ನಾನು ಗಾಡಿಯ ಅಡಿಗೆ ಮಲಗಿ ಚಾಸಿಸ್ (ಗಾಡಿಯ ಅಡಿಚೌಕಟ್ಟು) ನೋಡುವವರೆಗೂ ಉತ್ತರ ಕೊಡುವುದಿಲ್ಲ.

ಹಳೆಯ ತೊಟ್ಟಿಮನೆಗಳಲ್ಲಿ ಕಂಬವನ್ನು ನೇರವಾಗಿ ಮಣ್ಣಿನ ಮೇಲೆ ನಿಲ್ಲಿಸುತ್ತಿರಲಿಲ್ಲ. ಕೆಳಗೆ ಅಗಲವಾದ ಕಲ್ಲು ಇರುತ್ತಿತ್ತು. ಚಾವಣಿಯ ಭಾರ ಕಂಬದಲ್ಲಿ ಇಳಿದು ಆ ಕಲ್ಲಿನಲ್ಲಿ ಹರಡಿಕೊಳ್ಳುತ್ತಿತ್ತು. ಕೇಜಿನ ಲೆಕ್ಕವೂ ಅದೇ. ಅಂತರರಾಷ್ಟ್ರೀಯ ಮೋಟಾರು ಕ್ರೀಡೆಯ ನಿಯಮ ರೂಪಿಸುವ ಎಫ್‌ಐಎ, ಮುಖ್ಯ ಕಂಬದ ಪ್ರತಿ ಪಾದಕ್ಕೂ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂಟಿಮೀಟರ್ ವಿಸ್ತೀರ್ಣದ ಬಲವರ್ಧಕ ಪ್ಲೇಟ್ ಕೇಳುತ್ತದೆ. ಬಿಚ್ಚುವ ಕೇಜಾದರೆ ಒಂದೊಂದು ಪಾದಕ್ಕೆ 8.8 ದರ್ಜೆಯ (ಇದು ಬೋಲ್ಟಿನ ಬಲದ ಗುರುತು) ಮೂರು ಎಂ8, ಅಂದರೆ 8 ಮಿ.ಮೀ. ದಪ್ಪದ, ಬೋಲ್ಟುಗಳಾದರೂ ಇರಬೇಕು. ನಮ್ಮ ತೋಟದ ದಾರಿಗಳಿಗೆ ಆ ನಿಯಮ ಅನ್ವಯಿಸುವುದಿಲ್ಲ, ಆದರೂ ನಾನು ಅದಕ್ಕಿಂತ ಕಡಿಮೆ ಮಾಡುವುದಿಲ್ಲ.

ಜಿಪ್ಸಿ, ಥಾರ್‌ನಂತಹ ಗಾಡಿಗಳಲ್ಲಿ ಇನ್ನೊಂದು ತೊಡಕಿದೆ. ಇವುಗಳಲ್ಲಿ ಏಣಿಯಂತಹ ಚಾಸಿಸ್ ಬೇರೆ, ಬಾಡಿ ಬೇರೆ. ನಡುವೆ ರಬ್ಬರ್ ಬುಶ್‌ಗಳು ಇರುತ್ತವೆ. ಕಲ್ಲು ಹತ್ತುವಾಗ ಚಾಸಿಸ್ ತಿರುಚಿಕೊಳ್ಳುತ್ತದೆ, ಬಾಡಿ ಅದರ ಮೇಲೆ ತುಸು ಅಲುಗುತ್ತದೆ. ಕೇಜನ್ನು ಬರೀ ತಗಡಿಗೆ ಕಟ್ಟಿದರೆ ಆ ಜಿಪ್ಸಿಯ ಗತಿ. ಚಾಸಿಸ್‌ಗೂ ಬಾಡಿಗೂ ಒಟ್ಟಿಗೆ ಬಿಗಿದರೆ ರಬ್ಬರ್ ಇದ್ದೂ ಇಲ್ಲದಂತಾಗಿ, ಕೆಲವೇ ತಿಂಗಳಲ್ಲಿ ನೆಲದ ತಗಡು ಬಿರುಕು ಬಿಡುತ್ತದೆ. ನಾನು ಚಾಸಿಸ್‌ನಿಂದ ಹೊರಚಾಚುವ ಬ್ರಾಕೆಟ್ ಮಾಡಿ, ಪಾದವನ್ನು ನೆಲದ ತೂತಿನ ಮೂಲಕ ಅದರ ಮೇಲೆ ಇಳಿಸುತ್ತೇನೆ. ತೂತು ಪೈಪಿಗಿಂತ ದೊಡ್ಡದಾಗಿರುತ್ತದೆ, ಸುತ್ತ ರಬ್ಬರ್ ಮುಚ್ಚಳ ಬರುತ್ತದೆ. ಹೀಗೆ ಮಾಡಿದ ಮೇಲೆ ಸೀಟು ಮತ್ತು ಬೆಲ್ಟ್ ಎರಡನ್ನೂ ಕೇಜಿನ ಅಡ್ಡ ಪೈಪಿಗೇ ಕಟ್ಟಬೇಕು. ಬೆಲ್ಟ್ ಕೇಜಿಗೂ ಸೀಟು ಬಾಡಿಗೂ ಇದ್ದರೆ, ಅವೆರಡೂ ಬೇರೆ ಬೇರೆ ಕಡೆಗೆ ಸರಿಯುವಾಗ ಎಳೆತ ಬೀಳುವುದು ಕುಳಿತವನ ಮೈಮೇಲೆ.

ಚಾಸಿಸ್‌ಗೆ ಬ್ರಾಕೆಟ್ ಬೆಸೆಯುವಾಗ ಒಂದು ಎಚ್ಚರ ಬೇಕು. ಅಡ್ಡಲಾಗಿ, ಮೇಲಿನಿಂದ ಕೆಳಕ್ಕೆ ನೇರ ಗೆರೆಯಲ್ಲಿ ವೆಲ್ಡ್ ಎಳೆಯಬಾರದು. ಆ ಗೆರೆಯಲ್ಲೇ ಚಾಸಿಸ್ ಮುರಿಯುತ್ತದೆ. ವಜ್ರಾಕಾರದ ಪ್ಲೇಟ್ ಇಟ್ಟು, ಓರೆಯಾಗಿ ಬೆಸೆಯುವುದು ಸರಿ.

ಇನ್ನು ಪೈಪಿನ ಮಾತು. ನೀರಿನ ಜಿಐ ಪೈಪ್ ಬೇಡವೇ ಬೇಡ. ಅದು ನೀರು ಸಾಗಿಸಲು ಮಾಡಿದ್ದು. ಅದರ ಸತುವಿನ ಲೇಪನವನ್ನು ಸುಟ್ಟ ಹೊಗೆ ಕುಡಿದ ವೆಲ್ಡರ್ ಆ ರಾತ್ರಿ ಚಳಿಜ್ವರದಲ್ಲಿ ನಡುಗುತ್ತಾನೆ; ನನ್ನ ಹುಡುಗರಿಗೆ ಆ ಕೆಲಸ ನಾನು ಕೊಡುವುದಿಲ್ಲ. ತಣ್ಣಗೆ ಎಳೆದು ಮಾಡಿದ, ಉದ್ದಕ್ಕೆ ಬೆಸುಗೆಯಿಲ್ಲದ ಕೋಲ್ಡ್ ಡ್ರಾನ್ ಸೀಮ್‌ಲೆಸ್, ಅಂಗಡಿಯವರ ಮಾತಿನಲ್ಲಿ ಸಿಡಿಎಸ್, ಟ್ಯೂಬ್ ಕೇಳಿ. ಮುಖ್ಯ ಕಂಬಕ್ಕೆ ಎಫ್‌ಐಎ ಎರಡು ಅಳತೆ ಒಪ್ಪುತ್ತದೆ: 45 ಮಿ.ಮೀ. ವ್ಯಾಸ, 2.5 ಮಿ.ಮೀ. ಗೋಡೆ; ಇಲ್ಲವೇ 50 ಮಿ.ಮೀ. ವ್ಯಾಸ, 2 ಮಿ.ಮೀ. ಗೋಡೆ. ಗೋಡೆ ತೆಳುವಾಗಿದ್ದರೂ ಎರಡನೆಯದು ಮೀಟರಿಗೆ ಕಾಲು ಕೆಜಿ ಹಗುರ, ಬಾಗುವ ವಿಷಯದಲ್ಲಿ ಸುಮಾರು ಶೇಕಡ 15ರಷ್ಟು ಹೆಚ್ಚು ಬಿಗಿ. ಗೋಡೆಯ ದಪ್ಪಕ್ಕಿಂತ ವ್ಯಾಸವೇ ಹೆಚ್ಚು ಕೆಲಸ ಮಾಡುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಆದರೂ ಬಂಡೆ, ಮರದ ಬೊಡ್ಡೆಗಳ ನಡುವೆ ಓಡುವ ಗಾಡಿಗೆ ನಾನು 45 ಅನ್ನೇ ಆರಿಸುತ್ತೇನೆ. ತೆಳು ಗೋಡೆ ಬೇಗ ತಗ್ಗು ಬೀಳುತ್ತದೆ, ತಗ್ಗು ಬಿದ್ದ ಕಡೆಯೇ ಪೈಪ್ ಮಡಚುತ್ತದೆ.

ಮರಳು ತುಂಬಿ, ಗ್ಯಾಸಿನಲ್ಲಿ ಕಾಯಿಸಿ ಬಾಗಿಸುವುದನ್ನು ನಮ್ಮೂರುಗಳಲ್ಲಿ ಇನ್ನೂ ನೋಡುತ್ತೇನೆ. ಕೇಜಿಗೆ ಅದು ಸಲ್ಲದು. ಡೈ (ಪೈಪಿನ ದುಂಡಿಗೆ ತಕ್ಕ ಅಚ್ಚು) ಇರುವ ಬೆಂಡರಿನಲ್ಲಿ, ತಣ್ಣಗಿರುವಾಗಲೇ ಬಾಗಿಸಬೇಕು. ಬಾಗಿನ ತ್ರಿಜ್ಯ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆಯಾಗಬಾರದು.

ಕೀಲುಗಳಲ್ಲಿ ನನ್ನ ಅರ್ಧ ಸಮಯ ಹೋಗುತ್ತದೆ. ಒಂದು ಪೈಪಿನ ತುದಿಯನ್ನು ಇನ್ನೊಂದರ ದುಂಡಿಗೆ ಕೂರುವಂತೆ ಕೊರೆಯುವುದಕ್ಕೆ ನಾವು ಮೀನಿನ ಬಾಯಿ ಎನ್ನುತ್ತೇವೆ. ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಅರ. ಸಂದಿಯನ್ನು ವೆಲ್ಡಿಂಗ್ ತಂತಿಯಿಂದ ತುಂಬಿದವನು ಕೆಲಸ ಮುಚ್ಚಿಟ್ಟಿದ್ದಾನೆ ಎಂದೇ ಅರ್ಥ. ಮೊದಲು ಎಲ್ಲ ಕೀಲುಗಳಿಗೂ ಟ್ಯಾಕ್ (ಚುಕ್ಕೆಯಷ್ಟೇ ಬೆಸುಗೆ) ಹಾಕಿ, ಅಳತೆ ನೋಡಿ, ಆಮೇಲೆ ಎಡಕ್ಕೊಂದು ಬಲಕ್ಕೊಂದರಂತೆ ಬೆಸೆಯಬೇಕು. ಒಂದೇ ಬದಿಯಿಂದ ಹೊರಟರೆ ಕಾವಿಗೆ ಇಡೀ ಚೌಕಟ್ಟು ವಾಲುತ್ತದೆ.

ಗಟ್ಟಿ ಚಾವಣಿಯ ಗಾಡಿಯಲ್ಲಿ ಮೋಸ ನಡೆಯುವುದು ಚಾವಣಿಗೆ ಅಂಟಿಕೊಂಡ ಕೀಲುಗಳ ಮೇಲ್ಬದಿಯಲ್ಲಿ. ಅಲ್ಲಿಗೆ ವೆಲ್ಡಿಂಗ್ ಟಾರ್ಚ್ ಹೋಗುವುದಿಲ್ಲ, ಹಾಗಾಗಿ ಮುಕ್ಕಾಲು ಸುತ್ತು ಮಾತ್ರ ಬೆಸೆದು ಬಣ್ಣ ಬಳಿಯುತ್ತಾರೆ. ಪಾದ ಇಳಿಯಲು ನೆಲದಲ್ಲಿ ಬಿಟ್ಟ ತೂತುಗಳು ಇಲ್ಲಿಯೂ ಉಪಯೋಗಕ್ಕೆ ಬರುತ್ತವೆ. ಬ್ರಾಕೆಟ್ ಕೂರಿಸುವ ಮೊದಲು ಕೇಜನ್ನು ಅವುಗಳೊಳಗೆ ಒಂದು ಗೇಣು ಕೆಳಗಿಳಿಸಿದರೆ ಮೇಲೆ ಕೈ ಆಡಿಸಲು ಜಾಗ ಸಿಗುತ್ತದೆ. ಗಾಡಿ ವಾಪಸು ಪಡೆಯುವಾಗ ಒಂದು ಸಣ್ಣ ಕನ್ನಡಿ ಒಯ್ಯಿರಿ, ಬಣ್ಣಕ್ಕೆ ಮುಂಚೆಯೇ ಹೋಗಿ.

ದಿನನಿತ್ಯ ರಸ್ತೆಯಲ್ಲಿ ಓಡಿಸುವ ಗಾಡಿಗೆ ಕೇಜ್ ಕೇಳಿ ಬಂದವರನ್ನು ನಾನು ಹಿಂದಕ್ಕೆ ಕಳಿಸುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಯನ್ನು ತಡೆಯುತ್ತದೆ. ಅದಕ್ಕಿಂತಲೂ ನನ್ನನ್ನು ಕಾಡುವುದು ತಲೆ. ಹೆಲ್ಮೆಟ್ ಇಲ್ಲದ ತಲೆಗೆ ಅಂಗೈ ಅಂತರದಲ್ಲಿರುವ ಉಕ್ಕಿನ ಪೈಪ್, ಸಣ್ಣ ಡಿಕ್ಕಿಯಲ್ಲೂ ಕೊಲ್ಲಬಲ್ಲದು. ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬಂದ ತಂದೆಯೊಬ್ಬರಿಗೆ ಇದನ್ನು ತೋರಿಸಿಯೇ ಹೇಳಿದೆ.

ಆ ಜಿಪ್ಸಿಗೆ ಹೊಸ ಪಾದ, ಹೊಸ ಬ್ರಾಕೆಟ್ ಮಾಡಿದೆವು. ಪ್ರತಿ ಮಳೆಗಾಲ ಮುಗಿದ ಮೇಲೆ ಅದು ಬರುತ್ತದೆ. ಮ್ಯಾಟ್ ಎತ್ತಿ, ಮಲೆನಾಡಿನ ಕೆಸರು ತೊಳೆದು, ವೆಲ್ಡಿನ ಅಂಚಿನಲ್ಲಿ ಬಣ್ಣ ಸೀಳಿದೆಯೇ, ಕೂದಲೆಳೆಯಂತಹ ತುಕ್ಕಿನ ಗೆರೆ ಮೂಡಿದೆಯೇ ಎಂದು ಟಾರ್ಚ್ ಹಿಡಿದು ನೋಡುತ್ತೇವೆ. ಕಳೆದ ಸಲ ಹಿಂದಿನ ಎಡ ಪಾದದಲ್ಲಿ ಅಂತಹ ಒಂದು ಗೆರೆ ಸಿಕ್ಕಿತು. ಬಿರುಕಿನ ಬುಡದವರೆಗೆ ಉಜ್ಜಿ ತೆಗೆದು, ಮತ್ತೆ ಬೆಸೆದು ಕಳಿಸಿದೆ.