ಸಿಲಿಕಾನ್‌ನ ಕೈ ಹಿಡಿದ ಆಕ್ಸೈಡ್

1947ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಕೆಲಸ ಮಾಡಿದ ಮೊದಲ ಟ್ರಾನ್ಸಿಸ್ಟರ್‌ನಲ್ಲಿ (ವಿದ್ಯುತ್ತಿನ ಹರಿವನ್ನು ಹತೋಟಿಯಲ್ಲಿಡುವ ಪುಟ್ಟ ಸಾಧನ) ಇದ್ದದ್ದು ಸಿಲಿಕಾನ್ ಅಲ್ಲ, ಜರ್ಮೇನಿಯಂ. ಅದರೊಳಗೆ ಎಲೆಕ್ಟ್ರಾನುಗಳು ಸಿಲಿಕಾನ್‌ಗಿಂತ ಚುರುಕಾಗಿ ಓಡುತ್ತವೆ. ಕರಗಿಸಿ ಶುದ್ಧ ಮಾಡುವುದೂ ಸುಲಭ. ಹಾಗಿದ್ದೂ ಇವತ್ತು ಫೋನು, ಕಂಪ್ಯೂಟರು, ಸೌರಫಲಕ ಎಲ್ಲದರಲ್ಲೂ ಸಿಲಿಕಾನೇ ಇದೆ. ಯಾಕೆ?

ಮರಳಿನಲ್ಲಿ ಬೇಕಾದಷ್ಟು ಸಿಗುತ್ತದಲ್ವಾ ಎನ್ನುವವರು ಜಾಸ್ತಿ. ನಿಜ, ಭೂಮಿಯ ಹೊರಪದರದ ತೂಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸಿಲಿಕಾನ್. ಆದರೆ ನನ್ನ ಪ್ರಕಾರ ಗೆಲುವಿನ ಗುಟ್ಟು ಬೇರೆ.

ಸಿಲಿಕಾನ್ ಪರಮಾಣುವಿನ ಹೊರಕವಚದಲ್ಲಿ 4 ಎಲೆಕ್ಟ್ರಾನುಗಳಿವೆ. ಹರಳಿನಲ್ಲಿ ನಾಲ್ಕೂ ಅಕ್ಕಪಕ್ಕದ ಪರಮಾಣುಗಳ ಜೊತೆ ಬಂಧ ಕಟ್ಟಿಕೊಂಡಿರುತ್ತವೆ. ಹಾಗಾಗಿ ಶುದ್ಧ ಸಿಲಿಕಾನ್‌ನಲ್ಲಿ ವಿದ್ಯುತ್ ಹರಿಯುವುದು ತೀರಾ ಕಡಿಮೆ. ಹತ್ತು ಲಕ್ಷ ಪರಮಾಣುಗಳ ನಡುವೆ ಒಂದೇ ಒಂದು ರಂಜಕದ ಪರಮಾಣು ಸೇರಿಸಿ ನೋಡಿ. ಅದರ ಐದನೇ ಎಲೆಕ್ಟ್ರಾನ್‌ಗೆ ಬಂಧದಲ್ಲಿ ಜಾಗವಿಲ್ಲ, ಅದು ಬಿಡುವಾಗಿ ಓಡಾಡುತ್ತದೆ. ವಾಹಕತೆ ಲಕ್ಷಾಂತರ ಪಟ್ಟು ಏರುತ್ತದೆ! ಬೋರಾನ್ ಸೇರಿಸಿದರೆ ಒಂದು ಎಲೆಕ್ಟ್ರಾನ್ ಕಡಿಮೆ ಬಿದ್ದು, ಆ ಖಾಲಿ ಜಾಗವೇ ಧನ ವಿದ್ಯುದಂಶದಂತೆ ಸಾಗುತ್ತದೆ.

ಜರ್ಮೇನಿಯಂ ಕೂಡ ಇದನ್ನೆಲ್ಲ ಮಾಡುತ್ತದೆ. ಆದರೆ ಅದರ ಬಂಧದಿಂದ ಎಲೆಕ್ಟ್ರಾನ್ ಬಿಡಿಸಲು ಸುಮಾರು 0.67 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಸಾಕು, ಸಿಲಿಕಾನ್‌ಗೆ 1.12 ಬೇಕು. ಆದ್ದರಿಂದ ಸ್ವಲ್ಪ ಬಿಸಿಯಾದರೂ ಜರ್ಮೇನಿಯಂನಲ್ಲಿ ಬೇಡದ ವಿದ್ಯುತ್ ಸೋರತೊಡಗುತ್ತದೆ.

ಇನ್ನು ಆ ಗುಟ್ಟಿಗೆ ಬರೋಣ. ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಮ್ಲಜನಕ ತಾಗಿಸಿದರೆ ಸಿಲಿಕಾನ್ ಮೇಲೆ ಗಾಜಿನಂಥ ತೆಳು ಆಕ್ಸೈಡ್ ಪದರ ಬೆಳೆಯುತ್ತದೆ. ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ವಿದ್ಯುತ್ತನ್ನು ತಡೆಯುತ್ತದೆ, ನೀರಿಗೆ ಜಗ್ಗುವುದಿಲ್ಲ. ಜರ್ಮೇನಿಯಂನ ಆಕ್ಸೈಡ್ ನೀರಿನಲ್ಲಿ ಕರಗಿಬಿಡುತ್ತದೆ. 1959ರಲ್ಲಿ ಬೆಲ್ ಲ್ಯಾಬ್ಸ್‌ನ ಮೊಹಮ್ಮದ್ ಅಟಲ್ಲಾ ಮತ್ತು ಡಾವನ್ ಕಾಂಗ್ ಈ ಪದರದ ಮೇಲೆ ಲೋಹವಿಟ್ಟು, ಅದಕ್ಕೆ ವೋಲ್ಟೇಜ್ ಕೊಟ್ಟು, ಕೆಳಗಿನ ಸಿಲಿಕಾನ್‌ನಲ್ಲಿ ವಿದ್ಯುತ್ ಹರಿಯುವಂತೆಯೂ ನಿಲ್ಲುವಂತೆಯೂ ಮಾಡಿದರು. ಇವತ್ತು ಒಂದೇ ಚಿಪ್‌ನಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರ್ ಸ್ವಿಚ್‌ಗಳು ಇದೇ ತತ್ವದ ಮೇಲೆ ನಡೆಯುತ್ತಿವೆ. ಆ ಪದರ ತೀರಾ ತೆಳುವಾಗಿ ಸೋರತೊಡಗಿದಾಗ, 2007ರ ಹೊತ್ತಿಗೆ ಅದರ ಜಾಗಕ್ಕೆ ಹಾಫ್ನಿಯಂ ಎಂಬ ಲೋಹದ ಆಕ್ಸೈಡ್ ಬಂತು. ಆಗಲೂ ಸಿಲಿಕಾನ್‌ಗೆ ತಾಗಿ ತನ್ನದೇ ಆಕ್ಸೈಡ್‌ನ ಎಳೆ ಉಳಿದೇ ಇದೆ.

ಸಿಲಿಕಾನ್‌ಗೆ ಕೊರತೆಯೂ ಇದೆ. ಅದು ಬೆಳಕು ಚೆಲ್ಲುವುದರಲ್ಲಿ ಹಿಂದೆ, ಹಾಗಾಗಿ ಎಲ್‌ಇಡಿ ದೀಪಕ್ಕೆ ಗ್ಯಾಲಿಯಂ ನೈಟ್ರೈಡ್‌ನಂಥ ವಸ್ತು ಬೇಕು. ಬೆಳಕನ್ನು ವಿದ್ಯುತ್ ಮಾಡುವುದು ಮಾತ್ರ ಚೆನ್ನಾಗಿ ಬರುತ್ತದೆ. 1954ರ ಬೆಲ್ ಲ್ಯಾಬ್ಸ್ ಸೌರಕೋಶದ ದಕ್ಷತೆ ಸುಮಾರು ಶೇ. 6. ಈಗಿನ ಫಲಕಗಳು ಶೇ. 20 ದಾಟಿವೆ. ಸಿಲಿಕಾನ್ ಒಂದರಿಂದಲೇ ಶೇ. 29ರ ಆಸುಪಾಸು ದಾಟಲಾಗದು ಎನ್ನುತ್ತದೆ ಸಿದ್ಧಾಂತ. ಅದಕ್ಕೇ ಈಗ ಅದರ ಮೇಲೆ ಪೆರೋವ್‌ಸ್ಕೈಟ್ ಎಂಬ, ಬೆಳಕು ಹೀರುವ ಇನ್ನೊಂದು ಬಗೆಯ ಹರಳಿನ ಪದರ ಕೂರಿಸುವ ಕೆಲಸ ಜೋರಾಗಿ ನಡೆದಿದೆ.