ಬಾಟಲಿಯನ್ನು ಎಷ್ಟು ಬಿಚ್ಚಬೇಕು?

ಡುಪಾಂಟ್ ಕಂಪನಿಯ ಎಂಜಿನಿಯರ್ ನಥಾನಿಯಲ್ ವೈತ್ ಪೆಟ್ (PET) ಎಂಬ ಪ್ಲಾಸ್ಟಿಕ್ಕಿನ ಬಾಟಲಿಗೆ ಪೇಟೆಂಟ್ ಪಡೆದದ್ದು 1973ರಲ್ಲಿ. ಸೋಡಾದ ಒತ್ತಡ ತಡೆಯುವ, ಬಿದ್ದರೂ ಒಡೆಯದ, ಹಗುರವಾದ ಬಾಟಲಿ ಅದು. ನಾಲ್ಕೇ ವರ್ಷದಲ್ಲಿ, 1977ಕ್ಕೆ, ಮೊದಲ ಪೆಟ್ ಬಾಟಲಿಯ ಮರುಬಳಕೆಯೂ ಆಯಿತು. ಅಲ್ಲಿಂದ ಶುರುವಾದ ಪ್ರಶ್ನೆ ಇನ್ನೂ ಮುಗಿದಿಲ್ಲ: ಹಳೆಯ ಬಾಟಲಿಗೆ ಮತ್ತೆ ಜೀವ ಕೊಡಲು ಎಷ್ಟು ಶಕ್ತಿ ಸುಡಬೇಕು?

ಪೆಟ್‌ನ ಅಣುವನ್ನು ಒಂದು ಉದ್ದನೆಯ ಮಣಿಸರ ಅಂದುಕೊಳ್ಳಿ. ಕಚ್ಚಾ ತೈಲ ಮತ್ತು ಅನಿಲದಿಂದ ಮಣಿಗಳನ್ನು, ಅಂದರೆ ಸಣ್ಣ ಅಣುಗಳನ್ನು, ಮಾಡಬೇಕು, ಆಮೇಲೆ ಪೋಣಿಸಬೇಕು. ಹೀಗೆ ಒಂದು ಕಿಲೋ ಹೊಸ ಪೆಟ್ ತಯಾರಾಗಲು ಸುಮಾರು 70 ಮೆಗಾಜೂಲ್ ಬೇಕು. ಬರೀ ವಿದ್ಯುತ್ತಿನ ಲೆಕ್ಕಕ್ಕೆ ಇಳಿಸಿದರೆ 19 ಯೂನಿಟ್ ಆಗುತ್ತದೆ. ಇದರಲ್ಲಿ ದೊಡ್ಡ ಪಾಲು ಪ್ಲಾಸ್ಟಿಕ್ಕಿನ ಒಳಗೇ ಸೇರಿಹೋಗುವ ತೈಲದ್ದು.

ಮರುಬಳಕೆಯ ಹಳೆಯ ದಾರಿ ಸರವನ್ನು ಬಿಚ್ಚುವುದಿಲ್ಲ. ಬಾಟಲಿ ವಿಂಗಡಿಸಿ, ಚೂರು ಮಾಡಿ, ಬಿಸಿನೀರು ಮತ್ತು ಕಾಸ್ಟಿಕ್ ಸೋಡಾದಲ್ಲಿ ತೊಳೆಯುತ್ತಾರೆ. ಮುಚ್ಚಳದ ಚೂರು ತೇಲುತ್ತದೆ, ಪೆಟ್ ಮುಳುಗುತ್ತದೆ. ಬೇರ್ಪಡಿಸುವ ಕೆಲಸ ನೀರೇ ಮಾಡಿಕೊಡುತ್ತದೆ! ಆಮೇಲೆ ಸುಮಾರು 260 ಡಿಗ್ರಿಯಲ್ಲಿ ಕರಗಿಸಿ ಹರಳು ಮಾಡುತ್ತಾರೆ. 2018ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಮರುಬಳಕೆದಾರರ ಸಂಘಕ್ಕಾಗಿ ನಡೆದ ಅಧ್ಯಯನದಲ್ಲಿ ಇದರ ಖರ್ಚು, ಸಂಗ್ರಹ ಸಾಗಣೆ ಸೇರಿ, ಕಿಲೋಗೆ ಸುಮಾರು 15 ಮೆಗಾಜೂಲ್ ಬಂತು. ಹೊಸದಕ್ಕಿಂತ 79% ಕಡಿಮೆ.

ಹಾಗಾದರೆ ಇಷ್ಟೇ ಸಾಕಲ್ವಾ? ಸಾಕಾಗಲಿಲ್ಲ. ಚೂರಿನಲ್ಲಿ ತೇವ ಉಳಿದಿದ್ದರೆ ಕರಗುವಾಗ ಸರ ಅಲ್ಲಲ್ಲಿ ತುಂಡಾಗುತ್ತದೆ. ಅದಕ್ಕೇ ಮೊದಮೊದಲು ಹಳೆಯ ಬಾಟಲಿಗಳು ದಿಂಬಿನ ತುಂಬು, ಕಾರ್ಪೆಟ್ ಎಳೆಯಾದವು. ಮತ್ತೆ ಬಾಟಲಿಯೇ ಆಗಬೇಕಾದರೆ ಹರಳನ್ನು 200 ಡಿಗ್ರಿಗಿಂತ ಮೇಲೆ, ನಿರ್ವಾತದಲ್ಲೋ ಸಾರಜನಕದಲ್ಲೋ ಗಂಟೆಗಟ್ಟಲೆ ಇಟ್ಟು ಸರವನ್ನು ಮತ್ತೆ ಉದ್ದ ಮಾಡಬೇಕು. ಖರ್ಚು ಸ್ವಲ್ಪ ಏರುತ್ತದೆ. ಆದರೂ ಹೊಸ ಪೆಟ್‌ನ ಹತ್ತಿರಕ್ಕೂ ಬರುವುದಿಲ್ಲ.

ಆಹಾರ ತುಂಬುವ ಬಾಟಲಿಗೆ ಶುದ್ಧತೆಯ ಭಯವೂ ಇತ್ತು. ಹಾಗಾಗಿ 1991ರಲ್ಲಿ ಅಮೆರಿಕದಲ್ಲಿ ತಂಪು ಪಾನೀಯದ ಕಂಪನಿಗಳು ರಾಸಾಯನಿಕ ದಾರಿ ಹಿಡಿದವು. ಮೆಥನಾಲ್ ಹಾಕಿ, ಹೆಚ್ಚಿನ ಒತ್ತಡದಲ್ಲಿ 200 ಡಿಗ್ರಿ ಆಸುಪಾಸು ಕಾಯಿಸಿದರೆ ಸರ ಪೂರ್ತಿ ಮಣಿಯಾಗುತ್ತದೆ. ಬಣ್ಣ, ಕೊಳೆ ಹಿಂದೆ ಉಳಿಯುತ್ತವೆ. ಆದರೆ ಮಣಿಗಳನ್ನು ಬಟ್ಟಿ ಇಳಿಸಿ ಶುದ್ಧ ಮಾಡಬೇಕು, ಮತ್ತೆ ಪೋಣಿಸಬೇಕು. ಶಕ್ತಿ ಜಾಸ್ತಿ ಹೋಗುವುದೇ ಇಲ್ಲಿ. ಮೆಥನಾಲ್ ಬದಲು ಗ್ಲೈಕಾಲ್ ಎಂಬ ದ್ರವ ಬಳಸುವ ವಿಧಾನ ಪೂರ್ತಿ ಬಿಚ್ಚದೆ ಅರ್ಧದಲ್ಲಿ ನಿಲ್ಲುತ್ತದೆ, ಅಷ್ಟರಮಟ್ಟಿಗೆ ಉಳಿತಾಯ. ಮುಂದೆ ತೊಳೆದು ಕರಗಿಸುವ ವಿಧಾನವೇ ಆಹಾರಕ್ಕೆ ಸಲ್ಲುವಷ್ಟು ಸುಧಾರಿಸಿತು. ಆಗ ರಾಸಾಯನಿಕ ದಾರಿ ಹಿಂದೆ ಬಿತ್ತು.

ಈಗ ಎಲ್ಲರ ಬಾಯಲ್ಲಿ ಕಿಣ್ವ. 2016ರಲ್ಲಿ ಜಪಾನಿನ ಸಂಶೋಧಕರು ಸಕಾಯ್‌ನಲ್ಲಿ ಸಿಕ್ಕ ಪೆಟ್ ತಿನ್ನುವ ಬ್ಯಾಕ್ಟೀರಿಯಾದ ಬಗ್ಗೆ ಬರೆದರು. 2020ರಲ್ಲಿ ಫ್ರಾನ್ಸಿನ ಕಾರ್ಬಿಯೋಸ್ ತಂಡದ ಕಿಣ್ವ 72 ಡಿಗ್ರಿಯಲ್ಲಿ, 10 ಗಂಟೆಯಲ್ಲಿ 90% ಪೆಟ್ ಬಿಚ್ಚಿತು. 260 ಎಲ್ಲಿ, 72 ಎಲ್ಲಿ! ನಿಜಕ್ಕೂ ಖುಷಿಯ ಸುದ್ದಿ. ಆದರೆ ಬರೀ ಆ ಸಂಖ್ಯೆ ನೋಡಿ ಲೆಕ್ಕ ಹಾಕಿದರೆ ತಪ್ಪುತ್ತೇವೆ. ಬಾಟಲಿಯ ಪೆಟ್ ಗಟ್ಟಿಯಾಗಿ ಜೋಡಿಸಿಕೊಂಡಿರುತ್ತದೆ, ಕಿಣ್ವಕ್ಕೆ ಸುಲಭಕ್ಕೆ ಸಿಗುವುದಿಲ್ಲ. ಮೊದಲು ಅದನ್ನು ಕರಗಿಸಿ, ತಟ್ಟನೆ ತಣಿಸಿ, ಪುಡಿ ಮಾಡಬೇಕು. ಅಂದರೆ ಹಳೆಯ ದಾರಿಯ ಕರಗಿಸುವ ಖರ್ಚು ಇಲ್ಲೂ ಬಂತು. ಬಿಚ್ಚುವಾಗ ಹುಟ್ಟುವ ಆಮ್ಲವನ್ನು ತಟಸ್ಥಗೊಳಿಸಲು ಕಾಸ್ಟಿಕ್ ಸೋಡಾ ಬೇಕು, ಅದರ ತಯಾರಿಕೆಗೆ ತುಂಬಾ ವಿದ್ಯುತ್ ಬೇಕು. ಕೊನೆಗೆ ಪೋಣಿಸುವ ಕೆಲಸ ಇದ್ದೇ ಇದೆ.

ಸುಟ್ಟರೆ? ಒಂದು ಕಿಲೋ ಪೆಟ್‌ನಿಂದ ಸುಮಾರು 23 ಮೆಗಾಜೂಲ್ ಶಾಖ ಬರುತ್ತದೆ, ಅಷ್ಟೇ. ಬಾಟಲಿ ಹೋಯಿತು.

ನನ್ನ ಅಭಿಪ್ರಾಯ ಇದು: ಶುಭ್ರವಾದ, ಬಣ್ಣವಿಲ್ಲದ ಬಾಟಲಿಯನ್ನು ಮಣಿಯಾಗುವ ತನಕ ಬಿಚ್ಚುವುದು ದುಂದು. ಬಣ್ಣದ ತಟ್ಟೆ, ಪಾಲಿಯೆಸ್ಟರ್ ಬಟ್ಟೆ, ಕೊಳಕಾದ ಚೂರು, ಇವಕ್ಕೆ ರಾಸಾಯನಿಕ ಮತ್ತು ಕಿಣ್ವದ ದಾರಿ ಮೀಸಲಿರಲಿ. ಯಾವುದು ಯಾವ ದಾರಿಗೆ ಹೋಗುತ್ತದೆ ಅನ್ನುವುದು ಎಷ್ಟೋ ಸಲ ಬಾಟಲಿ ವಿನ್ಯಾಸ ಮಾಡುವವರ ಮೇಜಿನ ಮೇಲೇ ತೀರ್ಮಾನವಾಗಿಬಿಡುತ್ತದೆ. ಪಿವಿಸಿ ಲೇಬಲ್ ಸುತ್ತಿದರೆ ಅದೂ ಪೆಟ್ ಜೊತೆಗೇ ನೀರಲ್ಲಿ ಮುಳುಗುತ್ತದೆ. ಕರಗಿಸುವಾಗ ಅದರ ಒಂದಿಷ್ಟು ಚೂರು ಸಾಕು, ಇಡೀ ಸರಕು ಹಳದಿಗಟ್ಟುತ್ತದೆ. ಇಂಗಾಲದ ಕಪ್ಪು ಬಣ್ಣ ಬೆರೆಸಿದ ಬಾಟಲಿಯನ್ನಂತೂ ವಿಂಗಡಿಸುವ ಯಂತ್ರದ ಇನ್‌ಫ್ರಾರೆಡ್ ಕಣ್ಣು ಗುರುತೇ ಹಿಡಿಯದೆ ಕಸಕ್ಕೆ ತಳ್ಳುತ್ತದೆ.